ಓದದೆ ಮುಂದೆ ಬರಬಹುದಾ? ಮೊದಲು ತೋಟ ಯಾರ ಹೆಸರಲ್ಲಿದೆ ನೋಡಿ

ಪಿಯುಸಿ ಮುಗಿದಿದೆ, ಮನೆಯಲ್ಲಿ ಸ್ವಲ್ಪ ಕಾಫಿ ತೋಟ ಇದೆ, ಕಾಲೇಜಿಗೆ ಹೋಗೋ ಮನಸ್ಸಿಲ್ಲ, ಎಸ್ಸೆಸ್ಸೆಲ್ಸಿ ಫೇಲಾದವರೇ ನಮ್ಮೂರಲ್ಲಿ ಜೀಪ್ ಓಡಿಸಿಕೊಂಡು ಆರಾಮಾಗಿದ್ದಾರೆ, ಹಾಗಾದರೆ ಡಿಗ್ರಿ ಯಾಕೆ ಬೇಕು ಅಂತ ಕೇಳಿದ್ದೀರಿ. ಡಿಗ್ರಿ ಇಲ್ಲದೆ ಬದುಕಬಹುದು, ಚೆನ್ನಾಗೇ ಬದುಕಬಹುದು. ಆದರೆ ಆ ಜೀಪು ಎಲ್ಲಿಂದ ಬಂತು ಅಂತಲೂ ಕೇಳಬೇಕಲ್ವಾ?

ನಾನು ಕೊಡಗಿನ ಸುಂಟಿಕೊಪ್ಪದ ಕಡೆ ಒಂದು ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ ಬರೆಯೋದು, ಕುಯ್ಲಿನಲ್ಲಿ ಹಣ್ಣು ತೂಗೋದು, ಬಟವಾಡೆ ಲೆಕ್ಕ ಹಾಕೋದು ನನ್ನ ಕೆಲಸ. ನಾನು ನೋಡಿದ ಹಾಗೆ ಈ 'ಓದದೆ ಗೆದ್ದವರು' ಹೆಚ್ಚಿನವರಿಗೆ ಅಜ್ಜನ ಕಾಲದ ತೋಟ ಇದೆ, ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿ ಇದೆ, ಮಳೆ ಕೈಕೊಟ್ಟ ವರ್ಷ ತಡೆದುಕೊಳ್ಳೋಕೆ ಕೆರೆ, ಸ್ಪ್ರಿಂಕ್ಲರ್ ಇದೆ. ಅವರು ಕಷ್ಟಪಟ್ಟಿಲ್ಲ ಅಂತ ಹೇಳುತ್ತಿಲ್ಲ, ಪಟ್ಟಿದ್ದಾರೆ. ಆದರೆ ಪರೀಕ್ಷೆಯಲ್ಲಿ ಬಿದ್ದಾಗ ಕೆಳಗೆ ಹಿಡಿದುಕೊಳ್ಳೋಕೆ ನೆಲ ಇತ್ತು.

ಈಗ ಇನ್ನೊಬ್ಬರ ವಿಷಯ. ತೋಟದಲ್ಲಿ ಆಳುಗಳ ಕೆಲಸ ನೋಡಿಕೊಳ್ಳೋ ನಮ್ಮ ಮೇಸ್ತ್ರಿ ಶಾಲೆ ಮೆಟ್ಟಿಲು ಹತ್ತಿದವರಲ್ಲ. ಅರೇಬಿಕಾ ಕಾಫಿ ಸಾಲಿನಲ್ಲಿ ಸುಮ್ನೆ ನಡೆದುಕೊಂಡು ಹೋಗುತ್ತಾ ಒಂದು ಗಿಡದ ಮುಂದೆ ನಿಲ್ಲುತ್ತಾರೆ. ಎಲೆ ಸ್ವಲ್ಪ ಹಳದಿ, ಅಷ್ಟೇ. ಕಾಂಡದ ಮೇಲೆ ಬೆರಳು ಎಳೆದು ನೋಡುತ್ತಾರೆ, ತೊಗಟೆಯ ಕೆಳಗೆ ಉಬ್ಬಿದ ಗೆರೆ ಸಿಗುತ್ತದೆ. ಕಾಂಡಕೊರಕ. ಒಳಗಿನ ಹುಳು ದುಂಬಿಯಾಗಿ ಹೊರಗೆ ಹಾರೋ ಮೊದಲೇ ಗಿಡ ಕಿತ್ತು ಸುಡಿಸುತ್ತಾರೆ. ಕೃಷಿ ಓದಿ ಬಂದ ಹುಡುಗರು ಅದೇ ಗಿಡವನ್ನು ದಾಟಿಕೊಂಡು ಹೋಗಿದ್ದನ್ನು ನಾನೇ ನೋಡಿದ್ದೇನೆ. ಈ ವಿದ್ಯೆಗೆ ಯಾವ ಸರ್ಟಿಫಿಕೇಟೂ ಇಲ್ಲ.

ಆದರೆ ಅದೇ ಮೇಸ್ತ್ರಿಯವರ ಪಿಎಫ್ ದುಡ್ಡು ತಿಂಗಳುಗಟ್ಟಲೆ ನಿಂತಿತ್ತು. ಆಧಾರಿನಲ್ಲಿ ಒಂದು ಹೆಸರು, ಪಿಎಫ್ ದಾಖಲೆಯಲ್ಲಿ ಇನ್ನೊಂದು, ಹುಟ್ಟಿದ ವರ್ಷವೂ ಬೇರೆ. ಬರೆದುಕೊಂಡವರು ಬಾಯಲ್ಲಿ ಕೇಳಿ ತೋಚಿದ ಹಾಗೆ ಬರೆದಿದ್ದಾರೆ, ಇವರಿಗೆ ಓದಿ ನೋಡೋಕೆ ಬಂದಿದ್ದರೆ ಅವತ್ತೇ ತಿದ್ದಿಸುತ್ತಿದ್ದರು. ಇಷ್ಟು ಗೊತ್ತಿರೋ ಮನುಷ್ಯ ರೈಟರ್ ಕೂಡ ಆಗಲಿಲ್ಲ, ಹಾಜರಿ ಬರೆಯೋಕೆ ಬರಲ್ಲ ಅಂತ. ಅವರು ಇಂದಿಗೂ ಎಸ್ಟೇಟು ಆಳುಗಳಿಗೆ ಕೊಡೋ ಲೈನ್ ಮನೆಯಲ್ಲೇ ಇದ್ದಾರೆ. ಮಗಳನ್ನು ಮಾತ್ರ ಹಟ ಹಿಡಿದು ನರ್ಸಿಂಗ್ ಓದಿಸಿದರು. ಓದು ದಂಡ ಅನ್ನೋ ಮಾತನ್ನು ಲೈನ್ ಮನೆಯಲ್ಲಿ ಯಾರೂ ಹೇಳಿದ್ದು ನಾನು ಕೇಳಿಲ್ಲ, ಅದೆಲ್ಲ ತೋಟ ಇರೋರ ಜಗಲಿಯ ಮಾತು.

ಇನ್ನು ಶಾಲೆ ಬೇರೆ, ಡಿಗ್ರಿ ಬೇರೆ. ರೋಬಸ್ಟಾ ಕಾಫಿಯ ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಹಣ್ಣು, ಮಾರೋಕೆ ಹೋಗಿ ನೋಡಿ. ವ್ಯಾಪಾರಿ ಸ್ಯಾಂಪಲ್ ತೆಗೆದು ಸಿಪ್ಪೆ ಬಿಡಿಸಿ ಬೀಜ ತೂಗುತ್ತಾನೆ. 50 ಕೆಜಿ ಚೀಲಕ್ಕೆ 26 ಕೆಜಿ ಬೀಜ ಬರುತ್ತದೆ ಅಂದರೆ 26 ಓಟಿ (ಔಟ್‌ಟರ್ನ್), ಚೀಲದ ದರ ಓಟಿ ಲೆಕ್ಕದಲ್ಲಿ. ಓಟಿಗೆ 400 ರೂಪಾಯಿ ಅಂತ ಇಟ್ಟುಕೊಳ್ಳಿ, ಚೀಲಕ್ಕೆ ಒಂದು ಓಟಿ ಕಮ್ಮಿ ಬರೆದರೆ 100 ಚೀಲಕ್ಕೆ 40,000 ಹೋಯಿತು. ಇದನ್ನು ಹಿಡಿಯೋಕೆ ಏಳನೇ ಕ್ಲಾಸಿನ ಲೆಕ್ಕ ಸಾಕು, ಬಿಕಾಂ ಬೇಡ. ಅದೇ ಕಾಫಿಯ ರುಚಿ ನೋಡಿ ಗುಣಮಟ್ಟ ಹೇಳೋ ಕೆಲಸ ಬೇಕು ಅಂದರೆ ಕಾಫಿ ಬೋರ್ಡಿನದೇ ಸ್ನಾತಕೋತ್ತರ ಡಿಪ್ಲೊಮಾ ಇದೆ, ಅದಕ್ಕೆ ಡಿಗ್ರಿ ಇಲ್ಲದಿದ್ದರೆ ಸೇರಿಸಿಕೊಳ್ಳಲ್ಲ, ನಿಮ್ಮ ನಾಲಿಗೆ ಎಷ್ಟೇ ಚುರುಕಾಗಿರಲಿ.

"ಓದು ಹತ್ತದಿದ್ದರೆ ಮಿಲಿಟರಿ ಇದ್ದೇ ಇದೆ" ಅನ್ನೋದು ಕೊಡಗಿನ ಹಳೇ ಮಾತು. ಅದೂ ಈಗ ಅಷ್ಟು ಸುಲಭ ಇಲ್ಲ. ಅಗ್ನಿವೀರ್ ಜನರಲ್ ಡ್ಯೂಟಿಗೂ ಹತ್ತನೇ ಕ್ಲಾಸಿನಲ್ಲಿ 45 ಪರ್ಸೆಂಟ್ ಬೇಕು. 1949ರಲ್ಲಿ ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದ ಕಾರ್ಯಪ್ಪನವರೂ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದವರೇ.

ನಿಮಗೆ ಏನು ಹೇಳಲಿ? ಪಿಯುಸಿ ಸೈನ್ಸ್ ಆಗಿದ್ದು ಸಿಇಟಿ ಬರೆದಿದ್ದರೆ ಪೊನ್ನಂಪೇಟೆಯ ಅರಣ್ಯ ಕಾಲೇಜನ್ನು ಒಮ್ಮೆ ವಿಚಾರಿಸಿ, ಮನೆ ಹತ್ತಿರವೇ ಇದ್ದು ಮರ, ಮಣ್ಣು, ಕೀಟ ಎಲ್ಲ ಕಲಿಯಬಹುದು. ಆರ್ಟ್ಸ್, ಕಾಮರ್ಸ್ ಆಗಿದ್ದರೆ ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಹೆಸರು ಹಚ್ಚಿ, ತೋಟ ನೋಡಿಕೊಂಡೇ ಡಿಗ್ರಿ ಮಾಡಬಹುದು. ಎರಡೂ ಬೇಡ, ತೋಟವೇ ಸಾಕು ಅನ್ನೋದಾದರೆ ತಪ್ಪೇನಿಲ್ಲ. ಆದರೆ ಇವತ್ತೇ ಪಹಣಿ ತೆಗೆಸಿ ನೋಡಿ. ಜಮ್ಮಾ ಜಾಗ, ಅಂದರೆ ಕೊಡಗಿನಲ್ಲಿ ತಲೆಮಾರಿನಿಂದ ಇಡೀ ಕುಟುಂಬಕ್ಕೆ ಸೇರಿ ಬಂದ ಜಾಗ ಆಗಿದ್ದರೆ ಪಟ್ಟೇದಾರರು ಅಂತ ಹಿರಿಯರ ಹೆಸರಿರಬಹುದು, ಜೊತೆಗೆ ಕುಟುಂಬದವರ ಹಕ್ಕೂ ಇರುತ್ತದೆ. ಸಾಲಕ್ಕೆ ಬ್ಯಾಂಕಿಗೆ ಹೋದಾಗ ಮೊದಲು ಕೇಳೋದು ಅದನ್ನೇ. ನಿಮ್ಮ ಪಾಲಿಗೆ ಎಷ್ಟು ಎಕರೆ ಬರುತ್ತದೆ ಅಂತ ಅಪ್ಪನನ್ನು, ದೊಡ್ಡಪ್ಪಂದಿರನ್ನು ಕೂರಿಸಿ ಬಾಯಿಬಿಟ್ಟು ಕೇಳಿ, ಕಾಲೇಜು ಬಿಡೋದು ಆಮೇಲೆ.