ಟ್ರೇಲರ್‌ನಲ್ಲಿ ಕಪ್ಪು–ಬಿಳಿ ಜೋಡಿ ಕಂಡ ಕೂಡಲೇ ‘ಬೇಕಂತಲೇ ತುರುಕಿದ್ದಾರೆ’ ಅನ್ನುವುದು ಸರಿಯೇ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಮುಂದಿನ ತಿಂಗಳು ಬರಲಿರುವ ಒಂದು ಹಾಲಿವುಡ್ ಸಿನಿಮಾದ ಟ್ರೇಲರನ್ನು ಗೆಳೆಯರ ಗುಂಪಿಗೆ ಕಳಿಸಿದ್ದೀರಿ. ನಾಯಕ ಕಪ್ಪು ಜನಾಂಗದವನು, ನಾಯಕಿ ಬಿಳಿಯವಳು. ಅರ್ಧ ಜನ ‘ಕಥೆಗೆ ಇದು ಬೇಕಿರಲಿಲ್ಲ, ಬೇಕಂತಲೇ ತುರುಕಿದ್ದಾರೆ’ ಅಂದರು. ‘ಸಿನಿಮಾನೇ ಬಂದಿಲ್ಲ, ಕಥೆಗೆ ಬೇಕೋ ಬೇಡವೋ ಇವರಿಗೆ ಹೇಗೆ ಗೊತ್ತು?’ ಅಂತ ಕೇಳಿದ್ದೀರಿ.

ಅವರಿಗೆ ಗೊತ್ತಿಲ್ಲ. ಎರಡು ನಿಮಿಷದ ಟ್ರೇಲರ್ ನೋಡಿ ಯಾರಿಗೂ ಗೊತ್ತಾಗುವುದಿಲ್ಲ. ಅವರು ಮಾತಾಡುತ್ತಿರುವುದು ಕಥೆಯ ಬಗ್ಗೆ ಅಲ್ಲ, ಕಣ್ಣಿಗೆ ರೂಢಿಯಿಲ್ಲದ ಒಂದು ಜೋಡಿಯ ಬಗ್ಗೆ. ಆ ರೂಢಿ ಯಾಕೆ ಬೆಳೆಯಲಿಲ್ಲ ಅನ್ನುವುದನ್ನು ಮೊದಲು ಹೇಳುತ್ತೇನೆ. ಯಾಕಂದರೆ ‘ತುರುಕುವುದು’ ಅನ್ನುವ ಮಾತಿಗೂ ಮೊದಲು ‘ಕತ್ತರಿಸುವುದು’ ಅನ್ನುವ ಕೆಲಸ ಅಲ್ಲಿ ಎಷ್ಟೋ ವರ್ಷ ನಡೆದಿದೆ.

ಹಾಲಿವುಡ್‌ನಲ್ಲಿ ಹೇಯ್ಸ್ ಕೋಡ್ ಅಂತ ಒಂದು ನಿಯಮಾವಳಿ ಇತ್ತು. ಬಂದದ್ದು 1930ರಲ್ಲಿ, ಬಿಗಿಯಾಗಿ ಜಾರಿಯಾದದ್ದು 1934ರಿಂದ. ಬಿಳಿಯರು ಮತ್ತು ಕಪ್ಪು ಜನರ ನಡುವಿನ ದೈಹಿಕ ಸಂಬಂಧವನ್ನು ತೆರೆಯ ಮೇಲೆ ತೋರಿಸಲೇಬಾರದು ಅಂತ ಅದರಲ್ಲಿ ಬರೆದೇ ಇಟ್ಟಿದ್ದರು. ಆ ಸಾಲನ್ನು ತೆಗೆದದ್ದು 1956ರಲ್ಲಿ. ಅಂದರೆ ಸುಮಾರು ಒಂದು ತಲೆಮಾರಿನ ಪ್ರೇಕ್ಷಕರು ಇಂಥ ಜೋಡಿಯನ್ನು ನೋಡದೆಯೇ ಬೆಳೆದರು. ಅಂಥ ಕಥೆ ಬರೆಯುವವರು ಇರಲಿಲ್ಲ ಅಂತಲ್ಲ, ತೋರಿಸುವುದಕ್ಕೆ ಬಿಡುತ್ತಿರಲಿಲ್ಲ.

ಅನ್ನಾ ಮೇ ವಾಂಗ್ ಅವರ ಕಥೆ ನೆನೆದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. 1905ರಲ್ಲಿ ಲಾಸ್ ಏಂಜಲೀಸ್‌ನಲ್ಲೇ ಹುಟ್ಟಿದ ಚೀನೀ ಮೂಲದ ನಟಿ. ಅಪ್ಪ ಬಟ್ಟೆ ಒಗೆಯುವ ಅಂಗಡಿ ನಡೆಸುತ್ತಿದ್ದರು. ಮೂಕಿ ಸಿನಿಮಾಗಳ ಕಾಲದಲ್ಲೇ ಆಕೆ ತಾರೆ. ಚೀನಾದ ರೈತ ದಂಪತಿಯ ಕಥೆಯಾದ ‘ದ ಗುಡ್ ಅರ್ಥ್’ ಸಿನಿಮಾ ಆಗುತ್ತದೆ ಅಂತ ಗೊತ್ತಾದಾಗ ರೈತನ ಹೆಂಡತಿಯ ಪಾತ್ರ ತನಗೇ ಸಿಗಬೇಕು ಅಂತ ಆಸೆಪಟ್ಟರು. ಸಹಜ ಆಸೆ ಅಲ್ವಾ? ಆದರೆ ರೈತನ ಪಾತ್ರಕ್ಕೆ ಪಾಲ್ ಮುನಿ ಅನ್ನುವ ಬಿಳಿ ನಟನನ್ನು ಆರಿಸಿದ್ದರು, ಚೀನೀಯನ ಮೇಕಪ್ ಹಾಕಿಸಿ. ಕೋಡ್‌ನ ಅಕ್ಷರದಲ್ಲಿ ಕಪ್ಪು–ಬಿಳಿ ಅಂತಿದ್ದರೂ ನಡೆಸುವಾಗ ಏಷ್ಯಾದವರನ್ನೂ ಅದರೊಳಗೆ ಸೇರಿಸುತ್ತಿದ್ದರು. ಬಿಳಿ ನಟನ ಹೆಂಡತಿಯಾಗಿ ನಿಜವಾದ ಚೀನೀ ಹೆಣ್ಣು ಬರುವ ಹಾಗಿರಲಿಲ್ಲ. ಪಾತ್ರ ಜರ್ಮನಿಯಲ್ಲಿ ಹುಟ್ಟಿದ ಲೂಯಿಸ್ ರೈನರ್ ಅವರಿಗೆ ಹೋಯಿತು. ಸಿನಿಮಾ 1937ರಲ್ಲಿ ಬಂತು, ರೈನರ್‌ಗೆ ಆಸ್ಕರ್ ಬಂತು. ವಾಂಗ್‌ಗೆ ಕೊಡಲು ಬಂದದ್ದು ಸಂಸಾರ ಕೆಡಿಸುವ ಹಾಡುಗಾತಿಯ ಪಾತ್ರ. ಅವರು ಬೇಡ ಅಂದರು.

2022ರಲ್ಲಿ ಅಮೆರಿಕದ 25 ಸೆಂಟಿನ ನಾಣ್ಯದ ಮೇಲೆ ವಾಂಗ್ ಅವರ ಮುಖ ಬಂತು. ಗೌರವವೇ. ಆದರೆ ಆಕೆ ಮಾಡಬೇಕಾಗಿದ್ದ ಆ ಪಾತ್ರವನ್ನು ಇನ್ನು ಯಾರೂ ನೋಡಲು ಆಗುವುದಿಲ್ಲ.

ಸಿನಿಮಾದ ಹೊರಗೂ ಹೀಗೇ ಇತ್ತು. ವರ್ಜೀನಿಯಾದ ರಿಚರ್ಡ್ ಲವಿಂಗ್, ಮಿಲ್ಡ್ರೆಡ್ ದಂಪತಿ 1958ರಲ್ಲಿ ವಾಷಿಂಗ್ಟನ್‌ಗೆ ಹೋಗಿ ಮದುವೆಯಾಗಿ ಊರಿಗೆ ಬಂದರು. ಕೆಲವೇ ವಾರಗಳಲ್ಲಿ ಪೊಲೀಸರು ರಾತ್ರಿ ಮಲಗುವ ಕೋಣೆಗೇ ನುಗ್ಗಿ ಹಿಡಿದರು. ಅವನು ಬಿಳಿ, ಅವಳು ಕಪ್ಪು, ಅದೇ ತಪ್ಪು. ಒಂದು ವರ್ಷ ಜೈಲು, ಇಲ್ಲವೇ 25 ವರ್ಷ ರಾಜ್ಯ ಬಿಟ್ಟು ಹೋಗಿ ಅಂತ ನ್ಯಾಯಾಧೀಶರು ಹೇಳಿದರು. ಸುಪ್ರೀಂ ಕೋರ್ಟ್ ಅಂಥ ಕಾನೂನುಗಳನ್ನೆಲ್ಲ ರದ್ದು ಮಾಡಿದ್ದು 1967ರ ಜೂನ್ 12ರಂದು. ಆಗಲೂ 16 ರಾಜ್ಯಗಳಲ್ಲಿ ಆ ಕಾನೂನು ಇತ್ತು.

ಅದೇ ವರ್ಷ ಡಿಸೆಂಬರ್‌ನಲ್ಲಿ ‘ಗೆಸ್ ಹೂ ಈಸ್ ಕಮಿಂಗ್ ಟು ಡಿನ್ನರ್’ ಬಂತು. ಬಿಳಿ ಹುಡುಗಿ ತಾನು ಮದುವೆಯಾಗುವ ಕಪ್ಪು ಹುಡುಗನನ್ನು ಮನೆಗೆ ಊಟಕ್ಕೆ ಕರೆತರುವ ಕಥೆ. ಸಿಡ್ನಿ ಪಾಯ್ಟಿಯರ್ ನಾಯಕ. ಚಿತ್ರೀಕರಣ ನಡೆಯುವಾಗ ಅಂಥ ಮದುವೆ ಆ ರಾಜ್ಯಗಳಲ್ಲಿ ಇನ್ನೂ ಅಪರಾಧವೇ. ಹುಡುಗಿಯ ಅಪ್ಪನಾಗಿ ನಟಿಸಿದ ಸ್ಪೆನ್ಸರ್ ಟ್ರೇಸಿ ತಮ್ಮ ಕೆಲಸ ಮುಗಿಸಿದ 17ನೇ ದಿನಕ್ಕೆ ತೀರಿಕೊಂಡರು, ಕೋರ್ಟ್ ತೀರ್ಪಿಗೆ ಎರಡೇ ದಿನ ಮೊದಲು. ಆ ಸಿನಿಮಾದಲ್ಲಿ ಜೋಡಿ ಮುತ್ತಿಡುವುದನ್ನು ನಾವು ನೇರವಾಗಿ ನೋಡುವುದಿಲ್ಲ. ಟ್ಯಾಕ್ಸಿ ಚಾಲಕನ ಕನ್ನಡಿಯಲ್ಲಿ ನೋಡುತ್ತೇವೆ. ಅಷ್ಟು ಎಚ್ಚರಿಕೆ. ಹುಡುಗನನ್ನೂ ಹಾಗೇ ಬರೆದಿದ್ದಾರೆ. ಹೆಸರಾಂತ ಡಾಕ್ಟರ್, ಒಂದೇ ಒಂದು ಕೊರತೆ ಇಲ್ಲ. ಮನೆಯೊಳಗೆ ಕಾಲಿಡಲು ಕಪ್ಪು ಹುಡುಗ ಅಷ್ಟು ಪರಿಪೂರ್ಣನಾಗಿರಬೇಕಿತ್ತು. ಇದು ನನಗೆ ಬೇಜಾರಿನ ವಿಷಯ, ಆದರೂ ಆ ಕಾಲಕ್ಕೆ ಅದು ದೊಡ್ಡ ಧೈರ್ಯ ಅಂತ ಒಪ್ಪುತ್ತೇನೆ. ಗ್ಯಾಲಪ್ ಸಮೀಕ್ಷೆ 1958ರಲ್ಲಿ ಕೇಳಿದಾಗ ಕಪ್ಪು–ಬಿಳಿ ಮದುವೆಯನ್ನು ಒಪ್ಪಿದ ಅಮೆರಿಕನ್ನರು ಶೇ. 4. 2021ರಲ್ಲಿ ಶೇ. 94.

ಹಾಗಾದರೆ ಎಲ್ಲ ಸರಿಹೋಯಿತಾ? ನಿಯಮ ಹೋಯಿತು, ಲೆಕ್ಕಾಚಾರ ಉಳಿಯಿತು. 2000ದಲ್ಲಿ ಬಂದ ‘ರೋಮಿಯೋ ಮಸ್ಟ್ ಡೈ’ಯಲ್ಲಿ ನಾಯಕ ಚೀನಾದ ಜೆಟ್ ಲಿ, ನಾಯಕಿ ಆಲಿಯಾ ಅನ್ನುವ ಕಪ್ಪು ಗಾಯಕಿ. ಕೊನೆಯಲ್ಲಿ ಮುತ್ತಿಡುವ ದೃಶ್ಯ ತೆಗೆದಿದ್ದರು. ಬಿಡುಗಡೆಗೆ ಮೊದಲು ಕೆಲವು ಪ್ರೇಕ್ಷಕರಿಗೆ ತೋರಿಸಿದಾಗ ಅವರಿಗೆ ಹಿಡಿಸಲಿಲ್ಲ. ಹೆಸರಲ್ಲೇ ರೋಮಿಯೋ ಇರುವ ಸಿನಿಮಾ ಕೊನೆಗೆ ಬರೀ ಅಪ್ಪುಗೆಯಲ್ಲಿ ಮುಗಿಯಿತು. 2005ರ ‘ಹಿಚ್’ ಬಗ್ಗೆ ಅದರ ಕಪ್ಪು ನಾಯಕ ವಿಲ್ ಸ್ಮಿತ್ ಪತ್ರಿಕೆಯವರ ಮುಂದೆ ಬಿಚ್ಚಿ ಹೇಳಿದ್ದರು. ನಾಯಕಿಯೂ ಕಪ್ಪಾದರೆ ಅದು ಕಪ್ಪು ಜನರ ಸಿನಿಮಾ ಅಂತ ಉಳಿದವರು ಬರುವುದಿಲ್ಲ, ಬಿಳಿಯವಳಾದರೆ ಅಮೆರಿಕದಲ್ಲಿ ಕಿರಿಕಿರಿ, ಅದಕ್ಕೇ ಕ್ಯೂಬಾ ಮೂಲದ ಇವಾ ಮೆಂಡೆಸ್ ಅಂತ. ನಾಯಕಿಯನ್ನು ಆರಿಸುವಾಗ ನಡೆದ ಈ ಬಣ್ಣದ ಲೆಕ್ಕವನ್ನು ಯಾರೂ ‘ತುರುಕಿದ್ದು’ ಅನ್ನಲಿಲ್ಲ. ಕಣ್ಣಿಗೆ ಕಾಣಲಿಲ್ಲವಲ್ಲ. ನಿಮ್ಮ ಗೆಳೆಯರಿಗೆ ಇದೊಂದನ್ನು ಹೇಳಿ ಸಾಕು. ಸೇರಿಸಿದ್ದು ತೆರೆಯ ಮೇಲೆ ಕಾಣುತ್ತದೆ, ಕತ್ತರಿಸಿದ್ದು ಕಾಣುವುದಿಲ್ಲ.

ಇಲ್ಲಿಯವರೆಗೂ ಅಮೆರಿಕದ ಮಾತಾಯಿತು. ನಾನು ನಿಜವಾಗಿ ಬರೆಯಬೇಕು ಅಂದುಕೊಂಡದ್ದು ನಮ್ಮ ಬಗ್ಗೆ.

2022ರ ಮಾರ್ಚ್‌ನಲ್ಲಿ ‘ಬ್ರಿಡ್ಜರ್ಟನ್’ ಸರಣಿಯ ಎರಡನೇ ಸೀಸನ್ ಬಂತು. ಹಳೆಯ ಕಾಲದ ಲಂಡನ್, ಭಾರತದಿಂದ ಬಂದ ಶರ್ಮಾ ಅಕ್ಕತಂಗಿಯರು. ಅಕ್ಕ ಕೇಟ್ ಪಾತ್ರದಲ್ಲಿ ತಮಿಳು ಮೂಲದ ಸಿಮೋನ್ ಆಶ್ಲೆ. ಆಕೆ ಬಿಳಿ ಶ್ರೀಮಂತನೊಬ್ಬನನ್ನು ಮದುವೆಯಾಗುತ್ತಾಳೆ. ಸತ್ತ ತಂದೆಯನ್ನು ‘ಅಪ್ಪ’ ಅಂತ ನೆನೆಯುತ್ತಾಳೆ. ಆ ಒಂದು ಪದಕ್ಕೆ ನಮ್ಮ ಗುಂಪುಗಳಲ್ಲಿ ಎಷ್ಟು ಖುಷಿ! ನನಗೂ ಕಣ್ಣು ತುಂಬಿತ್ತು. ‘ತುರುಕಿದ್ದಾರೆ’ ಅಂತ ನನಗೆ ಗೊತ್ತಿರುವ ಒಬ್ಬ ಕನ್ನಡಿಗರೂ ಹೇಳಲಿಲ್ಲ. ಈಗ ಆ ಜೋಡಿಯಲ್ಲಿ ಹುಡುಗ ಕಪ್ಪು ಜನಾಂಗದವನು ಅಂದುಕೊಳ್ಳಿ. ಅದೇ ಗುಂಪುಗಳಲ್ಲಿ ಏನು ಬರುತ್ತಿತ್ತು? ನಿಮಗೂ ಗೊತ್ತು, ನನಗೂ ಗೊತ್ತು.

ನನಗೆ ಗೊತ್ತಿರುವುದು ನಮ್ಮ ಮನೆಯಲ್ಲೇ ನೋಡಿದ್ದರಿಂದ. ನನ್ನ ದೊಡ್ಡಮ್ಮನ ಮಗಳು ಅಟ್ಲಾಂಟಾದಲ್ಲಿ ನರ್ಸ್. ಹತ್ತು ವರ್ಷದ ಹಿಂದೆ ಅಲ್ಲಿಯ ಒಬ್ಬ ಶಾಲಾ ಮೇಷ್ಟ್ರನ್ನು ಮದುವೆಯಾಗುತ್ತೇನೆ ಅಂದಳು. ಕಪ್ಪು ಅಮೆರಿಕನ್ನರು ಅವರು. ಶಿವಮೊಗ್ಗದ ಮನೆಯಲ್ಲಿ ಮೂರು ದಿನ ಒಲೆ ಸರಿಯಾಗಿ ಹಚ್ಚಲಿಲ್ಲ. ದೊಡ್ಡಮ್ಮ ಅಳುತ್ತಾ ಹೇಳಿದ ಮಾತು ನನ್ನ ಕಿವಿಯಲ್ಲಿ ಈಗಲೂ ಇದೆ: ‘ಬಿಳಿಯವನಾದ್ರೂ ಆಗಿದ್ರೆ ಊರಲ್ಲಿ ಹೇಗೋ ಹೇಳ್ಬಹುದಿತ್ತು.’ ನನ್ನ ಅಮ್ಮ ಕೇಳಿದ ಮೊದಲ ಪ್ರಶ್ನೆ, ‘ಎಷ್ಟು ಕಪ್ಪು?’

ಅವರಿಬ್ಬರೂ ಕೆಟ್ಟವರಲ್ಲ. ಹೆಣ್ಣು ನೋಡಲು ಬಂದವರು ‘ಹುಡುಗಿ ಸ್ವಲ್ಪ ಕಪ್ಪು’ ಅಂತ ಪಿಸುಗುಟ್ಟಿದ್ದನ್ನು ಸ್ವಂತ ಕಿವಿಯಲ್ಲಿ ಕೇಳಿಸಿಕೊಂಡವರು. ವಧು–ವರ ಜಾಹೀರಾತಿನಲ್ಲಿ ‘ಗೋಧಿ ಮೈಬಣ್ಣ’ ಅಂತ ಬರೆಸಿದವರು. ಬಣ್ಣದ ಪೆಟ್ಟು ತಿಂದವರೇ ಇನ್ನೊಬ್ಬರನ್ನು ಬಣ್ಣದಲ್ಲಿ ಅಳೆದರು. ಇದನ್ನು ಬರೆಯುವಾಗ ನನಗೆ ಕಷ್ಟವಾಗುತ್ತಿದೆ, ಆದರೆ ಬಿಟ್ಟರೆ ನಿಮಗೆ ಅರ್ಧ ಉತ್ತರ ಕೊಟ್ಟ ಹಾಗೆ.

ಆ ದಿನಗಳಲ್ಲೇ ನಾನು ಅಮ್ಮನಿಗೆ ಲ್ಯಾಪ್‌ಟಾಪಿನಲ್ಲಿ ‘ಮಿಸಿಸಿಪ್ಪಿ ಮಸಾಲಾ’ ತೋರಿಸಿದೆ. ಮೀರಾ ನಾಯರ್ 1991ರಲ್ಲಿ ಮಾಡಿದ ಸಿನಿಮಾ. 1972ರಲ್ಲಿ ಇದಿ ಅಮೀನ್ ಉಗಾಂಡಾದ ಏಷ್ಯನ್ನರಿಗೆ 90 ದಿನದಲ್ಲಿ ದೇಶ ಬಿಡಿ ಅಂದ. ಹಾಗೆ ಹೊರಬಿದ್ದ ಒಂದು ಭಾರತೀಯ ಕುಟುಂಬ ಕೊನೆಗೆ ಮಿಸಿಸಿಪ್ಪಿಯ ಗ್ರೀನ್‌ವುಡ್‌ನಲ್ಲಿ, ನಮ್ಮವರು ನಡೆಸುವ ಮೋಟೆಲ್‌ಗಳ ನಡುವೆ ನೆಲೆಸುತ್ತದೆ. ಮಗಳು ಮೀನಾ, ಸರಿತಾ ಚೌಧರಿ. ಕಾರು ಓಡಿಸುತ್ತಾ ಒಂದು ವ್ಯಾನಿಗೆ ಹಿಂದಿನಿಂದ ಗುದ್ದುತ್ತಾಳೆ. ವ್ಯಾನು ಡೆಮೆಟ್ರಿಯಸ್‌ನದು, ಅಂದರೆ ಡೆಂಜೆಲ್ ವಾಷಿಂಗ್ಟನ್. ಕಾರ್ಪೆಟ್ ತೊಳೆಯುವ ಕೆಲಸ, ಬ್ಯಾಂಕ್ ಸಾಲ, ವಯಸ್ಸಾದ ಅಪ್ಪ, ಕೆಲಸವಿಲ್ಲದ ತಮ್ಮ. ಅವರಿಬ್ಬರ ಪ್ರೀತಿ ಬಯಲಾದ ಮೇಲೆ ಮೋಟೆಲ್ ಮಾಲೀಕರು ಅವನಿಗೆ ಕೆಲಸ ಕೊಡುವುದನ್ನೇ ನಿಲ್ಲಿಸುತ್ತಾರೆ. ಅಷ್ಟರವರೆಗೂ ‘ನಾವೆಲ್ಲ ಬಣ್ಣದವರೇ, ಒಂದೇ’ ಅಂತ ಅವನ ಜೊತೆ ಸಲಿಗೆಯಿಂದ ಇದ್ದವರೇ ಅವರು.

ಈ ಸಿನಿಮಾಕ್ಕೂ ದುಡ್ಡು ಹಾಕುವವರು ಒಬ್ಬ ಬಿಳಿ ನಾಯಕನನ್ನು ಸೇರಿಸಿ ಅಂತ ಕೇಳಿದ್ದರಂತೆ, ಮೀರಾ ನಾಯರ್ ಅದನ್ನು ಎಷ್ಟೋ ಸಲ ಹೇಳಿಕೊಂಡಿದ್ದಾರೆ. ತುರುಕುವುದು ಅಂದರೆ ಅದು!

ಅಮ್ಮ ಮೊದಲರ್ಧ ಸುಮ್ನೆ ಕೂತಿದ್ದರು. ರಾತ್ರಿ ಹೊತ್ತು ಮೀನಾ, ಡೆಮೆಟ್ರಿಯಸ್ ತಮ್ಮ ತಮ್ಮ ಹಾಸಿಗೆಯಲ್ಲಿ ಮಲಗಿಕೊಂಡು ಫೋನಿನಲ್ಲಿ ಮಾತಾಡುವ ದೃಶ್ಯ ಬಂತು. ಅಮ್ಮನ ಮುಖ ಸಡಿಲವಾಯಿತು. ಮೋಟೆಲ್‌ನವರು ಕೆಲಸ ಕಿತ್ತುಕೊಂಡಾಗ ಅಮ್ಮ ಮೆಲ್ಲಗೆ ‘ಪಾಪ, ಸಾಲ ಬೇರೆ ಮಾಡಿದಾನೆ’ ಅಂದರು. ಕೊನೆಗೆ ಒಂದು ಪ್ರಶ್ನೆ: ‘ಸಾಯಲ್ವಾ ಇವ್ರು?’ ಅವರು ‘ನಾಗರಹಾವು’ ನೋಡಿ ಬೆಳೆದವರು. ರಾಮಾಚಾರಿ, ಮಾರ್ಗರೆಟ್ ಚಿತ್ರದುರ್ಗದ ಬೆಟ್ಟದಿಂದ ಹಾರುವುದನ್ನು ನೋಡಿ ಅತ್ತವರು. ಗೆರೆ ದಾಟಿದ ಜೋಡಿ ಬದುಕುವುದಿಲ್ಲ ಅನ್ನುವುದು ಅವರಿಗೆ ಸಿನಿಮಾದ ನಿಯಮವೇ ಆಗಿತ್ತು. ಮೀನಾ, ಡೆಮೆಟ್ರಿಯಸ್ ಬದುಕುತ್ತಾರೆ. ಒಟ್ಟಿಗೆ ಊರು ಬಿಟ್ಟು ಹೊರಡುತ್ತಾರೆ.

ಒಂದು ಸಿನಿಮಾದಿಂದ ಅಮ್ಮ ಬದಲಾದರು ಅಂತ ನಾನು ಹೇಳುವುದಿಲ್ಲ. ಅವರನ್ನು ಬದಲಾಯಿಸಿದ್ದು ಆ ಮೇಷ್ಟ್ರೇ, ನಮ್ಮ ಭಾವ. ಮದುವೆಯ ಮರುವರ್ಷ ಊರಿಗೆ ಬಂದಾಗ ದೊಡ್ಡಪ್ಪನ ಮಂಡಿ ಆಪರೇಷನ್ ಆಗಿತ್ತು. ಆಸ್ಪತ್ರೆಯಲ್ಲಿ ಐದು ರಾತ್ರಿ ಜೊತೆಗೆ ಮಲಗಿದ್ದು ಭಾವ. ಆದರೆ ಆ ಸಿನಿಮಾ ನೋಡಿದ ರಾತ್ರಿ ಅಮ್ಮ ಅಕ್ಕನಿಗೆ ಫೋನ್ ಮಾಡಿ ಕೇಳಿದರು, ‘ಹುಡುಗನ ಮನೇಲಿ ಯಾರ್ಯಾರಿದ್ದಾರೆ?’ ‘ಎಷ್ಟು ಕಪ್ಪು’ ಅನ್ನುವಲ್ಲಿಂದ ಅಲ್ಲಿಗೆ ಬಂದರಲ್ಲ, ನನಗೆ ಅದು ಸಾಕಾಗಿತ್ತು.

ನಿಮ್ಮ ಗೆಳೆಯರ ಮಾತಿನಲ್ಲಿ ನ್ಯಾಯ ಇರಬಹುದಾದ ಜಾಗವೂ ಒಂದಿದೆ. ಕೆಲವು ಸಿನಿಮಾಗಳು ಜೋಡಿಯನ್ನು ಪೋಸ್ಟರಿಗೆ ಮಾತ್ರ ಇಡುತ್ತವೆ. ಕಪ್ಪು ಪಾತ್ರಕ್ಕೆ ಮನೆ ಇಲ್ಲ, ಅಮ್ಮ ಇಲ್ಲ, ಗೆಳೆಯರಿಲ್ಲ, ಬಿಳಿ ಪಾತ್ರದ ಪಕ್ಕದಲ್ಲಿ ನಿಲ್ಲುವುದಷ್ಟೇ ಕೆಲಸ. ಕಪ್ಪು ಹೆಣ್ಣುಮಕ್ಕಳು ಎತ್ತುವ ಇನ್ನೊಂದು ದೂರೂ ನನಗೆ ಸರಿ ಅನ್ನಿಸುತ್ತದೆ: ಕಪ್ಪು ನಾಯಕ ದೊಡ್ಡ ತಾರೆಯಾದ ಮೇಲೂ ಅವನ ಪ್ರೀತಿಗೆ ಪಾತ್ರಳಾಗುವ ಕಪ್ಪು ಹುಡುಗಿ ತೆರೆಯ ಮೇಲೆ ಕಡಿಮೆ ಅಂತ. ಇವೆಲ್ಲ ಸಿನಿಮಾ ನೋಡಿದ ಮೇಲೆ ಆಡಬೇಕಾದ ಮಾತು. ಟ್ರೇಲರ್ ನೋಡಿ ‘ಕಥೆಗೆ ಬೇಕಿರಲಿಲ್ಲ’ ಅನ್ನುವವರನ್ನು ಒಂದೇ ಕೇಳಿ. ಇಬ್ಬರೂ ಬಿಳಿಯರಾಗಿದ್ದರೆ ‘ಇವರು ಯಾಕೆ ಪ್ರೀತಿಸಬೇಕು’ ಅಂತ ಕೇಳುತ್ತಿದ್ದಿರಾ?

ನೀವು ಹೇಳಿದ ಟ್ರೇಲರನ್ನು ನಿನ್ನೆ ರಾತ್ರಿ ಅಮ್ಮನಿಗೂ ತೋರಿಸಿದೆ. ಎರಡು ಸಲ ನೋಡಿದರು. ಹುಡುಗಿ ತಲೆ ಸರಿಯಾಗಿ ಬಾಚಿಕೊಂಡಿಲ್ಲ ಅಂದರು. ಆಮೇಲೆ ಕನ್ನಡಕ ತೆಗೆದು ನನ್ನ ಕಡೆ ತಿರುಗಿ, ‘ಆ ಹುಡುಗನ ಮನೆಯವರನ್ನ ತೋರಿಸಲೇ ಇಲ್ವಲ್ಲ, ಯಾರ್ಯಾರಿದ್ದಾರಂತೆ?’ ಅಂತ ಕೇಳಿದರು. ಸಿನಿಮಾ ಬಂದ ಮೇಲೆ ನೋಡಿ ಹೇಳುತ್ತೇನೆ ಅಂದಿದ್ದೇನೆ.