ಬೆಳಕಿಗೆ ಗಟ್ಟಿಯಾಗುವ ಸಿಲಿಕಾನ್ ರಾಳ

ಪ್ರಶ್ನೆ: ನಮ್ಮ ಮನೆಯವರು ಮೂರು ತಲೆಮಾರಿನಿಂದ ಹೆಂಚು, ಇಟ್ಟಿಗೆಯ ಕೆಲಸದಲ್ಲಿದ್ದೇವೆ. ಸಿಲಿಕಾನ್ ಇರುವ ದ್ರವ ಪಾಲಿಮರನ್ನು ನೇರಳಾತೀತ ಬೆಳಕಿಗೆ ಒಡ್ಡಿ ಸೆರಾಮಿಕ್ ವಸ್ತು ಮಾಡುತ್ತಾರೆಂದು ಓದಿದೆ. ಗೂಡಿನ ಬೆಂಕಿಯ ಕೆಲಸವನ್ನು ಬೆಳಕು ಹೇಗೆ ಮಾಡೀತು? ಹಾಗಿದ್ದರೆ ಬಿಸಿಲೇ ಸಾಲದೇ?
– ಓದುಗರೊಬ್ಬರು, ಮಾಲೂರು, ಕೋಲಾರ ಜಿಲ್ಲೆ

ಉತ್ತರ: ಗೂಡಿನ ಕೆಲಸ ಗೂಡಿಗೇ ಉಳಿದಿದೆ. ಹಸಿ ಹೆಂಚನ್ನು ಸುಡುವ ಮೊದಲು ನೆರಳಿನಲ್ಲಿ ಒಣಗಿಸುತ್ತೀರಲ್ಲ, ಬೆಳಕಿನ ಪಾತ್ರವನ್ನು ಆ ಹಂತಕ್ಕೆ ಹೋಲಿಸಬಹುದು. ಆದರೆ ಒಣಗಿದ ಹಸಿ ಹೆಂಚು ನೀರಿಗೆ ಬಿದ್ದರೆ ಮತ್ತೆ ಕೆಸರಾಗುತ್ತದೆ. ಅಲ್ಲಿ ನೀರು ಆರಿದೆಯೇ ಹೊರತು ಹೊಸ ರಾಸಾಯನಿಕ ಬಂಧ ಹುಟ್ಟಿಲ್ಲ. ಬೆಳಕಿಗೆ ಗಟ್ಟಿಯಾದ ರಾಳವಾದರೋ ದ್ರಾವಕದಲ್ಲಿ ನೆನೆದರೆ ಉಬ್ಬೀತು, ಕರಗದು.

ಈ ರಾಳದ ಅಣುಗಳು ಉದ್ದನೆಯ ಸರಪಳಿಗಳು. ಸಿಲಿಕಾನ್ ಜೊತೆಗೆ ಆಮ್ಲಜನಕವಿದ್ದರೆ ಪಾಲಿಸಿಲಾಕ್ಸೇನ್, ಸಾರಜನಕವಿದ್ದರೆ ಪಾಲಿಸಿಲಜೇನ್, ಇಂಗಾಲವಿದ್ದರೆ ಪಾಲಿಕಾರ್ಬೋಸಿಲೇನ್. ಸರಪಳಿಯ ಪಕ್ಕದಲ್ಲಿ ವಿನೈಲ್ ಅಥವಾ ಅಕ್ರಿಲೇಟ್ ಎಂಬ, ಇಂಗಾಲದ ಜೋಡಿಬಂಧವುಳ್ಳ ಪರಮಾಣು ಗುಂಪುಗಳನ್ನು ಜೋಡಿಸಿ, ಬೆಳಕನ್ನು ಹೀರಿ ಒಡೆಯುವ ಪ್ರಚೋದಕವೊಂದನ್ನು ಅಲ್ಪ ಪ್ರಮಾಣದಲ್ಲಿ ಬೆರೆಸಿರುತ್ತಾರೆ. ಸುಮಾರು 365 ನ್ಯಾನೋಮೀಟರ್ ತರಂಗಾಂತರದ ಬೆಳಕು ಬಿದ್ದಾಗ ಪ್ರಚೋದಕ ಸೀಳಿ, ಒಂಟಿ ಎಲೆಕ್ಟ್ರಾನಿನ ಚುರುಕಾದ ತುಣುಕುಗಳು, ಅಂದರೆ ರ‍್ಯಾಡಿಕಲ್‌ಗಳು, ಹುಟ್ಟುತ್ತವೆ. ಅವು ಪಕ್ಕದ ಗುಂಪುಗಳ ಜೋಡಿಬಂಧವನ್ನು ಬಿಡಿಸಿ ಒಂದು ಸರಪಳಿಯನ್ನು ಇನ್ನೊಂದಕ್ಕೆ ಹೆಣೆಯುತ್ತಾ ಹೋಗುವುದರಿಂದ ದ್ರವವು ಕ್ಷಣಗಳಲ್ಲಿ ಬಲೆಯಂತಹ ಘನವಾಗುತ್ತದೆ. ಗಾಳಿಯ ಆಮ್ಲಜನಕ ಈ ರ‍್ಯಾಡಿಕಲ್‌ಗಳನ್ನು ನುಂಗಿಹಾಕುವುದರಿಂದ ಮೇಲ್ಮೈ ಅಂಟಂಟಾಗಿ ಉಳಿಯುವುದುಂಟು. ಗಂಧಕವುಳ್ಳ ಥಯೋಲ್ ಬೆರೆಸಿದರೆ ಆ ತೊಂದರೆ ಕಡಿಮೆ.

ಬಿಸಿಲಿನಲ್ಲೂ ಈ ಕಿರಣಗಳಿವೆ, ಆದ್ದರಿಂದಲೇ ರಾಳದ ಸೀಸೆಯನ್ನು ಕತ್ತಲಲ್ಲಿಡುತ್ತಾರೆ. ಆದರೆ ಗಂಟೆಗೊಮ್ಮೆ ಬದಲಾಗುವ ಬಿಸಿಲನ್ನು ನಂಬಿ ಹದ ಹಿಡಿಯುವುದು ಕಷ್ಟ.

ಇಷ್ಟಾದರೂ ಅದಿನ್ನೂ ಪ್ಲಾಸ್ಟಿಕ್ಕೇ. ಅದನ್ನು ಆರ್ಗಾನ್ ಅಥವಾ ಸಾರಜನಕದಲ್ಲಿ ಸುಮಾರು 1000 ಡಿಗ್ರಿ ಸೆಲ್ಸಿಯಸ್‌ವರೆಗೆ ನಿಧಾನವಾಗಿ ಕಾಯಿಸಿದಾಗ ಹೈಡ್ರೋಜನ್, ಮೀಥೇನ್ ಮುಂತಾದ ಅನಿಲಗಳು ಹೊರಟು ಸೆರಾಮಿಕ್ ಉಳಿಯುತ್ತದೆ. ಹೆಣಿಗೆ ಆಗಿರದಿದ್ದರೆ ರಾಳ ಕಾದೊಡನೆ ಹರಿದು ಆಕಾರಗೆಡುತ್ತಿತ್ತು, ಸಣ್ಣ ಅಣುಗಳು ಆವಿಯಾಗಿ ಹೋಗುತ್ತಿದ್ದವು. 2016ರಲ್ಲಿ ಅಮೆರಿಕದ ಎಚ್‌ಆರ್‌ಎಲ್ ಪ್ರಯೋಗಾಲಯದವರು ಸಿಲಾಕ್ಸೇನ್ ರಾಳವನ್ನು ಹೀಗೆ ಬೆಳಕಿನಿಂದ ಬೇಕಾದ ಆಕಾರಕ್ಕೆ ಗಟ್ಟಿಗೊಳಿಸಿ (ಇದೇ 3ಡಿ ಮುದ್ರಣ) ಸುಟ್ಟಾಗ ತೂಕ ಶೇ 42ರಷ್ಟು ಇಳಿದು, ಉದ್ದಳತೆ ಶೇ 30ರಷ್ಟು ಕುಗ್ಗಿತು. ಎಲ್ಲ ಕಡೆಗೂ ಸಮನಾಗಿ ಕುಗ್ಗಿದ್ದರಿಂದ ಆಕಾರ ಉಳಿಯಿತು. ಇದು ತೆಳು ಗೋಡೆಯ ವಸ್ತುಗಳಿಗೆ ಹೊಂದುವ ವಿಧಾನ. ನಿಮ್ಮ ಇಟ್ಟಿಗೆಯ ದಪ್ಪಕ್ಕೆ ಮಾಡಹೊರಟರೆ ಬೆಳಕು ಒಳಗೆ ತಲುಪುವುದಿಲ್ಲ, ಪದರ ಪದರವಾಗಿ ಬೆಳೆಸಿದರೂ ಗೂಡಿನಲ್ಲಿ ಅನಿಲಕ್ಕೆ ದಾರಿ ಸಿಗದೆ ಸೀಳು ಬಿಡುವ ಸಂಭವವೇ ಹೆಚ್ಚು.