ಎರಡನೇ ಆಲ್ಬಂನ ಮೆಲುದನಿಯ ಹಾಡುಗಳಿಗೆ ಏನೇನು ವಾದ್ಯ ಸೇರಿಸಲಿ?

ಕೇಳೋರಿಗೆ ಬೇಜಾರಾಗಬಾರದು ಅಂತ ವಾದ್ಯ ಸೇರಿಸೋ ಯೋಚನೆ ಅಲ್ವಾ? ನಾನೂ ಅದನ್ನೇ ಮಾಡಿದೆ.

ಕೆಲಸ ಬಿಟ್ಟು ಧಾರವಾಡದಲ್ಲಿ ಬಾಡಿಗೆ ರೂಮಿನಲ್ಲಿದ್ದೆ. ಮಳೆಗಾಲ. ನನ್ನ ಪಾಡಿಗೆ ನಾನು ಎಂಟು ಹಾಡು ಬರೆದೆ. ಒಂದರಲ್ಲಿ 'ಕದ ಹಾಕ್ಕೋ, ನಾ ಬರೋದು ತಡ' ಅಂತ ಸಾಲು. ಅದನ್ನು ಹಾಡಿ ಸುಮ್ನೆ ನಿಲ್ಲುತ್ತಿದ್ದೆ. ಗಿಟಾರ್ ತಂತಿಯ ಗುಂಯ್ ಅನ್ನೋ ಸದ್ದು ಪೂರ್ತಿ ಅಡಗಿದ ಮೇಲೆ ಪಲ್ಲವಿ. ಅದು ದಿನಕ್ಕೊಂದು ಥರ. ಒಮ್ಮೆ ಮೂರು ಸೆಕೆಂಡ್, ಒಮ್ಮೆ ಐದು.

ಸ್ಟುಡಿಯೋದಲ್ಲಿ 'ಮುಂದೆ ಡ್ರಮ್ಸ್ ಬೇಕು ಅನ್ನಿಸಿದರೆ ಇರಲಿ' ಅಂತ ಕ್ಲಿಕ್ ಹಾಕಿಸಿದೆ, ಅಂದರೆ ಲಯ ತಪ್ಪದಿರಲಿ ಅಂತ ಹೆಡ್‌ಫೋನ್‌ನಲ್ಲಿ ಕೇಳಿಸೋ ಪೆಟ್ಟು. ಕೆಟ್ಟಿದ್ದು ಅಲ್ಲೇ. ನಿಮಿಷಕ್ಕೆ 72 ಸಲ ಕಿವಿಯಲ್ಲಿ ಟಿಕ್ ಟಿಕ್. ಮೊದಲು ಗಿಟಾರ್ ಮಾತ್ರ ನುಡಿಸಿದೆ, ಮಾರನೇ ದಿನ ದನಿ ಮಾತ್ರ ಕೊಟ್ಟೆ. ಆ ನಿಲ್ಲೋ ಜಾಗ ಲೆಕ್ಕದ ನಾಲ್ಕು ಪೆಟ್ಟಾಯಿತು. ನನ್ನ ಗಿಟಾರ್ ಯಾವಾಗಲೂ ನನ್ನ ದನಿಯ ಬೆನ್ನು ಹಿಡಿದು ಹೋಗುತ್ತಿತ್ತು. ಈಗ ದನಿ ಗಿಟಾರ್ ಹಿಂದೆ ಓಡಬೇಕಾಯಿತು. ಹಾಡು ಯಾಕೋ ಖಾಲಿ ಅನ್ನಿಸಿತು. ಕೊಳಲು ಹಾಕಿದೆವು. ಕೊಳಲು ಒಂಟಿಯಾಯಿತು ಅಂತ ಚೆಲ್ಲೋ, ಅಂದರೆ ಕೂತು ನುಡಿಸೋ ದೊಡ್ಡ ಪಿಟೀಲಿನಂಥದ್ದು. ಆಮೇಲೆ ತಬಲಾ. ಮೂರು ದಿನದ ಕೆಲಸ ಹನ್ನೊಂದು ದಿನ ಹಿಡಿಯಿತು, ಉಳಿಸಿದ್ದ ದುಡ್ಡೆಲ್ಲ ಹೋಯಿತು.

ನಮ್ಮ ದೊಡ್ಡಪ್ಪ ಊರಿನ ಭಜನೆ ಮೇಳದಲ್ಲಿ ತತ್ವಪದ ಹಾಡುವವರು. ಹೇಳುವವರು ಉಸಿರು ತಗೊಳ್ಳೋವರೆಗೂ ದಮ್ಮಡಿಯವನು ಕಾಯೋದು ಅಲ್ಲಿನ ಪದ್ಧತಿ. ನನ್ನ ಹಾಡು ಕೇಳಿ ಅವರು ಒಂದೇ ಮಾತು ಕೇಳಿದರು: "ಇಲ್ಲಿ ಉಸಿರು ಯಾವಾಗ ತೊಗೊಂಡಿ ತಮ್ಮಾ?"

ಇನ್ನು ಕೇಳೋರಿಗೆ ಬೇಜಾರಾಗೋ ವಿಷಯ. ಇಂಗ್ಲೆಂಡಿನ ಹಾಡುಗಾರ ನಿಕ್ ಡ್ರೇಕ್ ಗೊತ್ತಿರಬೇಕಲ್ಲ? 1971ರಲ್ಲಿ ಬಂದ ಅವರ ಎರಡನೇ ಆಲ್ಬಂ 'ಬ್ರೈಟರ್ ಲೇಟರ್'ನಲ್ಲಿ ಡ್ರಮ್ಸ್, ಬೇಸ್, ಪಿಟೀಲು, ಸ್ಯಾಕ್ಸೊಫೋನ್ ಎಲ್ಲ ಇದೆ. ನನಗೆ ತುಂಬಾ ಇಷ್ಟ. ಅದೇ ವರ್ಷ ಅಕ್ಟೋಬರ್‌ನಲ್ಲಿ ಅವರು ರೆಕಾರ್ಡಿಂಗ್ ಎಂಜಿನಿಯರ್ ಜಾನ್ ವುಡ್ ಜೊತೆ ಎರಡೇ ರಾತ್ರಿ ಕೂತು ಮೂರನೆಯದನ್ನು ಮುಗಿಸಿದರು. ಸುಮಾರು 28 ನಿಮಿಷ. ದನಿ, ಗಿಟಾರ್, ಒಂದು ಹಾಡಿಗೆ ಸ್ವಲ್ಪ ಪಿಯಾನೊ, ಅಷ್ಟೇ. ಅವರು ಬದುಕಿದ್ದಾಗ ಎರಡೂ ಹೆಚ್ಚು ಮಾರಾಟವಾಗಲಿಲ್ಲ. ಈಗ ಜನ ಎರಡನ್ನೂ ಹುಡುಕಿ ಕೇಳುತ್ತಾರೆ. ಹಾಗಾಗಿ ವಾದ್ಯ ಜಾಸ್ತಿಯಾದರೆ ಕೇಳೋರು ಉಳಿಯುತ್ತಾರೆ ಅನ್ನೋ ನಿಮ್ಮ ಲೆಕ್ಕವನ್ನೇ ನಾನು ಒಪ್ಪಲ್ಲ.

ಬಾಯಿಗೊಂದು ಮೈಕ್, ಗಿಟಾರಿನ 12ನೇ ಫ್ರೆಟ್ (ಕತ್ತಿನ ಮೇಲಿನ ಲೋಹದ ಪಟ್ಟಿ) ಹತ್ತಿರ ಒಂದು. ಫ್ಯಾನ್ ಆರಿಸಿ, ಹಾಡುತ್ತಲೇ ನುಡಿಸಿ. ಗಿಟಾರಿನ ಮೈಕಿಗೂ ದನಿ ನುಗ್ಗುತ್ತೆ, ನುಗ್ಗಲಿ. ಚೆಲ್ಲೋ ಬೇಕೇ ಬೇಕು ಅನ್ನಿಸಿದರೆ ನುಡಿಸುವವರನ್ನು ಅದೇ ರೂಮಿನಲ್ಲಿ ಎದುರಿಗೆ ಕೂರಿಸಿಕೊಳ್ಳಿ, ನಿಮ್ಮ ಮುಖ ನೋಡಿಕೊಂಡು ನುಡಿಸಲಿ. ಸ್ಟುಡಿಯೋಗೆ ಮುಂಗಡ ಕೊಟ್ಟಾಗಿದ್ದರೂ ಪರವಾಗಿಲ್ಲ, ಕ್ಲಿಕ್ ಬೇಡ ಅಂತ ಇವತ್ತೇ ಫೋನ್ ಮಾಡಿ ಹೇಳಿಬಿಡಿ.